ಆಟಕ್ಕುಂಟು, ಲೆಕ್ಕಕ್ಕಿಲ್ಲ

ಪಿಯುಸಿಯಲ್ಲಿ ನಮಗೆ ರಸಾಯನಶಾಸ್ತ್ರ ಹೇಳಿಕೊಟ್ಟ ಮೇಷ್ಟ್ರಿಗೆ ಎರಡು ಅಭ್ಯಾಸಗಳಿದ್ದವು. ಒಂದು, ಸೀಮೆಸುಣ್ಣದ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುವುದು. ಇನ್ನೊಂದು, ಪುಸ್ತಕದ ವ್ಯಾಖ್ಯೆಗಳನ್ನೆಲ್ಲ ಗಾದೆಗೆ ಇಳಿಸುವುದು. ಕ್ರಿಯಾವರ್ಧಕ ಎಂದರೇನು ಎಂಬುದಕ್ಕೆ ಪುಸ್ತಕದಲ್ಲಿ ನಾಲ್ಕು ಸಾಲಿತ್ತು: ರಾಸಾಯನಿಕ ಕ್ರಿಯೆಯಲ್ಲಿ ಭಾಗವಹಿಸಿ, ಅದರ ವೇಗವನ್ನು ಹೆಚ್ಚಿಸಿ, ಕೊನೆಗೆ ತಾನು ಮಾತ್ರ ತೂಕದಲ್ಲಾಗಲಿ ಗುಣದಲ್ಲಾಗಲಿ ಬದಲಾಗದೆ ಹೊರಬರುವ ವಸ್ತು. ಮೇಷ್ಟ್ರು ಪುಸ್ತಕ ಮುಚ್ಚಿ, "ಆಟಕ್ಕುಂಟು, ಲೆಕ್ಕಕ್ಕಿಲ್ಲ. ಬರ್ಕೊಳ್ರೋ" ಅಂದರು.

ನಮಗೆ ತಕ್ಷಣ ಅರ್ಥವಾಯಿತು. ಬೀದಿಯಲ್ಲಿ ಲಗೋರಿ ಆಡುವಾಗ ಅಕ್ಕನ ಲಂಗ ಹಿಡಿದು ಬಂದ ಪುಟ್ಟ ತಮ್ಮನಿಗೆ ಕೊಡುತ್ತಿದ್ದ ಸ್ಥಾನ ಅದು. ಅವನೂ ಓಡಬಹುದು, ಕೂಗಬಹುದು, ಲಗೋರಿ ಬೀಳಿಸಬಹುದು. ಚೆಂಡು ಬೆನ್ನಿಗೆ ಬಡಿದರೂ ಔಟಲ್ಲ.

ಉದಾಹರಣೆಗೆ ಅಂತ ಮೇಷ್ಟ್ರು ಹಲಗೆಯ ಮೇಲೆ ಒಂದು ಸಮೀಕರಣ ಬರೆದರು. ಎಡಗಡೆ ಅಸಿಟಿಲೀನ್ ಮತ್ತು ನೀರು. ಬಲಗಡೆ ಅಸಿಟಾಲ್ಡಿಹೈಡ್. ನಡುವೆ ಒಂದು ಬಾಣ. ಬಾಣದ ಮೇಲೆ, ಇರುವೆಯಷ್ಟು ಚಿಕ್ಕ ಅಕ್ಷರದಲ್ಲಿ, ಮರ್ಕ್ಯುರಿಕ್ ಸಲ್ಫೇಟ್. ಎಂದರೆ ಪಾದರಸದ ಲವಣ. ಉಷ್ಣತೆ 333 ಕೆಲ್ವಿನ್, ಸ್ನಾನದ ನೀರಿಗಿಂತ ಒಂದಿಷ್ಟು ಬಿಸಿ. ರಷ್ಯದ ಮಿಖಾಯಿಲ್ ಕುಚೆರೋವ್ 1881ರಲ್ಲಿ ಕಂಡುಕೊಂಡ ಕ್ರಿಯೆ ಇದು. "ಸಮೀಕರಣ ಸರಿದೂಗಿಸೋವಾಗ ಎಡಕ್ಕೆಷ್ಟು, ಬಲಕ್ಕೆಷ್ಟು ಎಣಿಸಿ. ಬಾಣದ ಮೇಲೆ ಕೂತಿರೋದನ್ನ ಎಣಿಸೋಕೆ ಹೋಗ್ಬೇಡಿ" ಅಂತ ಮೇಷ್ಟ್ರು ಎಚ್ಚರಿಸಿದರು. ನಾವು ಎಣಿಸಲಿಲ್ಲ. ಪರೀಕ್ಷೆಯಲ್ಲಿ ಅಂಕವೂ ಬಂತು.

ಮೇಷ್ಟ್ರ ಮೇಲೆ ನನಗೆ ದೂರಿಲ್ಲ. ಅವರು ಹೇಳಿದ್ದು ಸರಿಯಾದ ರಸಾಯನಶಾಸ್ತ್ರ. ಆ ಪಾಠವನ್ನು ನಮಗಿಂತ ಚೆನ್ನಾಗಿ ಕಲಿತು, ಮೂವತ್ತಾರು ವರ್ಷ ಬಾಣದ ಮೇಲಿನದನ್ನು ಎಣಿಸದೆಯೇ ಇದ್ದ ಒಂದು ಕಂಪನಿಯ ಕಥೆ ಮಾತ್ರ ನನಗೆ ಗೊತ್ತಾದದ್ದು ತಡವಾಗಿ.

ಜಪಾನಿನ ಕ್ಯೂಷು ದ್ವೀಪದಲ್ಲಿ, ಶಿರನುಯಿ ಎಂಬ ಒಳಗಡಲಿನ ದಂಡೆಯ ಮೇಲೆ ಮಿನಮಾಟ ಎಂಬ ಊರಿದೆ. ಒಂದು ಕಡೆ ಮೀನುಗಾರರ ಹಳ್ಳಿಗಳು, ಇನ್ನೊಂದು ಕಡೆ 1908ರಲ್ಲಿ ಬಂದ ಕಾರ್ಖಾನೆ. ಆ ಕಾರ್ಖಾನೆಯ ಒಡೆಯ ಚಿಸ್ಸೋ ಕಂಪನಿ. ಚಿಸ್ಸೋ ಎಂದರೆ ಜಪಾನಿ ಭಾಷೆಯಲ್ಲಿ ಸಾರಜನಕ. ಸಾರಜನಕವೆಂದರೆ, ಅದೇ ಮೇಷ್ಟ್ರು ಹೇಳಿದಂತೆ, ಎದುರಿಗೆ ಏನೇ ನಡೆದರೂ ಸುಲಭಕ್ಕೆ ಪ್ರತಿಕ್ರಿಯಿಸದ ಅನಿಲ. ಹೆಸರಿಟ್ಟವರು ದೂರದೃಷ್ಟಿಯವರು.

1932ರಲ್ಲಿ ಇಲ್ಲಿ ಅಸಿಟಾಲ್ಡಿಹೈಡ್ ತಯಾರಿಕೆ ಶುರುವಾಯಿತು. ಮೊದಲ ವರ್ಷ 210 ಟನ್. 1960ರಲ್ಲಿ 45,000 ಟನ್ನಿಗೂ ಮೇಲೆ. ಜಪಾನಿನ ಪ್ಲಾಸ್ಟಿಕ್ಕು ಮೆತ್ತಗಾಗಲು ಬೇಕಾದ ರಾಸಾಯನಿಕ, ವಿನೆಗರಿನ ಆಮ್ಲ, ಕೃತಕ ನೂಲು ಎಲ್ಲಕ್ಕೂ ಇದೇ ತಾಯಿಬೇರು. ಯುದ್ಧದಲ್ಲಿ ಸುಟ್ಟುಹೋದ ದೇಶ ಎದ್ದು ನಿಲ್ಲುವ ಅವಸರದಲ್ಲಿತ್ತು, ಅವಸರಕ್ಕೆ ಕ್ರಿಯಾವರ್ಧಕವೇ ಬೇಕು. 1950ರ ದಶಕದಲ್ಲಿ ಮಿನಮಾಟ ಪುರಸಭೆಯ ತೆರಿಗೆಯಲ್ಲಿ ಅರ್ಧಕ್ಕೂ ಹೆಚ್ಚು ಬರುತ್ತಿದ್ದದ್ದು ಈ ಕಂಪನಿಯಿಂದ ಮತ್ತು ಅದರ ನೌಕರರಿಂದ. ಈ ತಯಾರಿಕಾ ವಿಧಾನವನ್ನು ಕಂಪನಿಯಲ್ಲಿ ರೂಪಿಸಿದ ಎಂಜಿನಿಯರ್ ಹಾಶಿಮೊಟೊ ಹಿಕೊಶಿಚಿ ಮೊದಲು ಕಾರ್ಖಾನೆಯ ಮುಖ್ಯಸ್ಥರಾದರು, ಆಮೇಲೆ ಊರಿನ ಮೇಯರಾದರು. ಪಾದರಸವನ್ನು ಬಾಣದ ಮೇಲೆ ಕೂರಿಸಿದವರನ್ನು ಊರು ತನ್ನ ತಲೆಯ ಮೇಲೆ ಕೂರಿಸಿಕೊಂಡಿತು.

ಪಾದರಸ ಅಲ್ಲಿ ಮಾಡುವ ಕೆಲಸ ನಮ್ಮ ಮದುವೆ ದಲ್ಲಾಳಿಯದು. ಅಸಿಟಿಲೀನಿನ ಕೈ ಹಿಡಿಯುತ್ತದೆ, ನೀರನ್ನು ಕರೆತಂದು ಪಕ್ಕದಲ್ಲಿ ಕೂರಿಸುತ್ತದೆ, ಅಕ್ಷತೆ ಬಿದ್ದ ಕೂಡಲೇ ಕೈ ಬಿಡಿಸಿಕೊಂಡು ಮುಂದಿನ ಮದುವೆಗೆ ಓಡುತ್ತದೆ. ದಲ್ಲಾಳಿಗೆ ಹೆಣ್ಣೂ ಬೇಡ, ಗಂಡೂ ಬೇಡ. ಪುಸ್ತಕದಲ್ಲಿ ಇಷ್ಟೇ ಇರುವುದು. ಕಾರ್ಖಾನೆಯಲ್ಲಿ ಮಾತ್ರ ಎಲ್ಲೋ ಒಂದೆರಡು ದಲ್ಲಾಳಿಗಳು ಮನೆಯ ಹುಡುಗಿಯನ್ನೇ ಹಾರಿಸಿಕೊಂಡು ಹೋಗುತ್ತಿದ್ದರು. ಆ ಹುಡುಗಿ ಮೀಥೈಲ್. ಓಡಿಹೋದ ಜೋಡಿಯ ಹೆಸರು ಮೀಥೈಲ್ ಮರ್ಕ್ಯುರಿ. 1951ರಲ್ಲಿ ಕಂಪನಿ ಜತೆಯ ಸಹ-ಕ್ರಿಯಾವರ್ಧಕವನ್ನು ಬದಲಿಸಿತು. ಮ್ಯಾಂಗನೀಸ್ ಡೈಆಕ್ಸೈಡ್ ಹೋಗಿ ಕಬ್ಬಿಣದ ಸಲ್ಫೈಡ್ ಬಂತು. ಓಡಿಹೋಗುವವರ ಸಂಖ್ಯೆ ಹೆಚ್ಚಿತು. ಅವರು ಓಡಿದ ದಾರಿ ಕೊಳಚೆ ಕಾಲುವೆ. ಸೇರಿದ ಊರು ಮಿನಮಾಟ ಕೊಲ್ಲಿ.

ಇಲ್ಲಿ ಪಿಯುಸಿಯಲ್ಲಿ ಅರ್ಧ ಅಂಕ ಕಳೆದುಕೊಂಡವನಿಗೂ ಹೊಳೆಯುವ ಪ್ರಶ್ನೆಯೊಂದಿದೆ. ತೂಕದಲ್ಲಿ ಒಂದು ಗುಲಗಂಜಿಯೂ ಕಡಿಮೆಯಾಗದ ವಸ್ತುವನ್ನು ಉಗ್ರಾಣದವರು ಮತ್ತೆ ಮತ್ತೆ ಕೊಳ್ಳುವುದೇಕೆ? ಚಿಸ್ಸೋ ಪಾದರಸ ತರಿಸುತ್ತಲೇ ಇತ್ತು. ತಂದದ್ದು ಕರಗುತ್ತಲೇ ಇತ್ತು. ಸಮುದ್ರ ಸೇರಿದ್ದು 70ರಿಂದ 150 ಟನ್ನು ಇರಬಹುದೆಂದೂ, ಅದಕ್ಕಿಂತ ಹೆಚ್ಚೆಂದೂ ಆಮೇಲೆ ಅಂದಾಜಾಯಿತು. ಕಾಲುವೆಯ ಬಾಯಲ್ಲಿ ಒಂದು ಟನ್ ಕೆಸರಿಗೆ ಎರಡು ಕಿಲೋ ಪಾದರಸ ಸಿಕ್ಕಿತು. ಗಣಿ ತೋಡಿದರೂ ಗಿಟ್ಟುವಷ್ಟು. ಹಾಗೆಯೇ ಆಯಿತು. ಮುಂದೆ ಕಂಪನಿ ಅದಕ್ಕೆಂದೇ ಒಂದು ಮರಿ ಕಂಪನಿ ಮಾಡಿ, ಕೆಸರಿನಿಂದ ಪಾದರಸ ಬಸಿದು ಮಾರಿತು. ಹೊಳೆಗೆ ಸುರಿದರೂ ಅಳೆದು ಸುರಿ ಅಂದರು ನಮ್ಮ ಹಿರಿಯರು. ಚಿಸ್ಸೋ ಅಳೆಯದೆ ಸುರಿದು, ಅಳೆದು ಮಾರಿತು.

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆಯೂ ಆ ಊರಿನಲ್ಲಿ ತಲೆಕೆಳಗಾಯಿತು. 1950ರ ದಶಕದ ಮೊದಲಲ್ಲಿ ಮೀನುಗಾರರ ಹಳ್ಳಿಯ ಬೆಕ್ಕುಗಳು ಕುಣಿಯತೊಡಗಿದವು. ಗಿರಗಿರ ಸುತ್ತಿ, ಗೋಡೆಗೆ ಢೀ ಕೊಟ್ಟು, ಓಡಿಹೋಗಿ ಕಡಲಿಗೆ ಬೀಳುತ್ತಿದ್ದವು. ಜನ ಅದಕ್ಕೆ 'ಬೆಕ್ಕಿನ ಕುಣಿತದ ರೋಗ' ಎಂದೇ ಹೆಸರಿಟ್ಟರು. ಆಕಾಶದಿಂದ ಕಾಗೆಗಳು ಉದುರುತ್ತಿದ್ದವು. 1954ರ ಆಗಸ್ಟಿನಲ್ಲಿ ಸ್ಥಳೀಯ ಪತ್ರಿಕೆಯಲ್ಲಿ ಒಂದು ಚಿಕ್ಕ ಸುದ್ದಿ: ಮೋದೋ ಎಂಬ ಹಳ್ಳಿಯಲ್ಲಿ ಬೆಕ್ಕುಗಳೆಲ್ಲ ಸತ್ತು ಇಲಿಗಳ ಕಾಟ ಹೆಚ್ಚಾಗಿದೆ, ಪುರಸಭೆ ಇಲಿಗಳನ್ನು ಕೊಲ್ಲಿಸಿಕೊಡಬೇಕು. ಎಷ್ಟು ಅಚ್ಚುಕಟ್ಟಾದ ಅರ್ಜಿ! ಸಮಸ್ಯೆಗೆ ಒಂದು ಇಲಾಖೆ ಸಿಕ್ಕಿತು. ಬೆಕ್ಕು ಏಕೆ ಸತ್ತಿತು ಎಂದು ಕೇಳಲು ಯಾವ ಕಚೇರಿಯಲ್ಲೂ ಟೇಬಲ್ಲಿಲ್ಲ. ಇಲಿಗೆ ಪಾಷಾಣ ಹಂಚುವ ಟೇಬಲ್ಲು ಎಲ್ಲ ಕಚೇರಿಯಲ್ಲೂ ಇರುತ್ತದೆ.

ಆಮೇಲೆ ಮನುಷ್ಯರ ಸರದಿ. 1956ರ ಏಪ್ರಿಲ್ 21ರಂದು ನಡೆಯಲಾಗದ, ಮಾತು ತೊದಲುವ ಐದು ವರ್ಷದ ಹುಡುಗಿಯನ್ನು ಕಂಪನಿಯ ಆಸ್ಪತ್ರೆಗೇ ತಂದರು. ಎರಡು ದಿನಕ್ಕೆ ಅವಳ ತಂಗಿ. ಆಮೇಲೆ ನೆರೆಮನೆಯವರು. ಮೇ 1ರಂದು ಆಸ್ಪತ್ರೆಯ ಮುಖ್ಯ ವೈದ್ಯ ಡಾ. ಹೊಸೊಕಾವಾ ಹಾಜಿಮೆ ಆರೋಗ್ಯ ಕಚೇರಿಗೆ ವರದಿ ಕೊಟ್ಟರು: ನರಮಂಡಲದ ಯಾವುದೋ ಗೊತ್ತಿಲ್ಲದ ರೋಗ ಹಬ್ಬುತ್ತಿದೆ. ಅಂಟುರೋಗವೆಂದುಕೊಂಡು ಮನೆಗಳಿಗೆ ಔಷಧಿ ಹೊಡೆದರು, ರೋಗಿಗಳನ್ನು ಬೇರೆ ಇರಿಸಿದರು, ನೆಂಟರು ಬರುವುದನ್ನು ಬಿಟ್ಟರು. ವಿಷ ಹೊರಟ ಕಾಲುವೆ ಬಿಟ್ಟು ಉಳಿದೆಲ್ಲವನ್ನೂ ತೊಳೆದರು.

ಆ ವರ್ಷದ ನವೆಂಬರಿಗೇ ಕುಮಮೊಟೊ ವಿಶ್ವವಿದ್ಯಾಲಯದ ತಂಡ ಹೇಳಿತು: ಇದು ಅಂಟುರೋಗವಲ್ಲ, ಕೊಲ್ಲಿಯ ಮೀನು ಮತ್ತು ಚಿಪ್ಪುಜೀವಿಗಳ ಮೂಲಕ ಬರುತ್ತಿರುವ ಭಾರಲೋಹದ ವಿಷ. ಮೀನು ತಿನ್ನಬೇಡಿ ಎಂದರೆ ಸಾಕಿತ್ತು. ಸ್ಥಳೀಯ ಆಡಳಿತಕ್ಕೂ ಹಾಗೇ ಅನ್ನಿಸಿ, ಆಹಾರ ಕಾಯ್ದೆಯಡಿ ನಿಷೇಧ ಹಾಕಬಹುದೇ ಎಂದು ಟೋಕಿಯೋದ ಆರೋಗ್ಯ ಸಚಿವಾಲಯವನ್ನು ಕೇಳಿತು. 1957ರ ಸೆಪ್ಟೆಂಬರಿನಲ್ಲಿ ಉತ್ತರ ಬಂತು. ಅದರ ತಾತ್ಪರ್ಯ: ಕೊಲ್ಲಿಯ ಎಲ್ಲ ಮೀನೂ ವಿಷವಾಗಿದೆ ಎಂಬುದಕ್ಕೆ ಸ್ಪಷ್ಟ ಪುರಾವೆಯಿಲ್ಲ, ಆದ್ದರಿಂದ ಕಾಯ್ದೆ ಅನ್ವಯವಾಗದು.

ಆ 'ಎಲ್ಲ' ಎಂಬ ಪದದ ಮುಂದೆ ನಾನು ತಲೆಬಾಗುತ್ತೇನೆ. ನಮ್ಮ ಸಚಿವಾಲಯಗಳಲ್ಲಿ ಅರ್ಧ ಜೀವ ಸವೆಸಿದ ಗುಮಾಸ್ತನಿಗೂ ಅಂಥ ಪದ ಹೊಳೆಯದು. ಕೊಲ್ಲಿಯ ಕಟ್ಟಕಡೆಯ ಬಂಗುಡೆಯವರೆಗೂ ಹಿಡಿದು, ಕೊಯ್ದು, ಪರೀಕ್ಷಿಸಿ, ಎಲ್ಲದರಲ್ಲೂ ವಿಷವಿದೆ ಎಂದು ತೋರಿಸಿದ ಮೇಲೆ ನಿಷೇಧ ಹಾಕಬಹುದು. ಆಗ ನಿಷೇಧಿಸಲು ಮೀನೇ ಉಳಿದಿರುವುದಿಲ್ಲವಾದ್ದರಿಂದ ಕಾಯ್ದೆಯ ತೊಡಕೂ ಇರುವುದಿಲ್ಲ.

1958ರ ಮಾರ್ಚಿನಲ್ಲಿ ಬಂದ ಬ್ರಿಟಿಷ್ ನರವೈದ್ಯ ಡಗ್ಲಸ್ ಮ್ಯಾಕಲ್ಪೈನ್, ಈ ಲಕ್ಷಣಗಳು ಸಾವಯವ ಪಾದರಸದ ವಿಷದಂತಿವೆ ಎಂದರು. 1959ರ ಜುಲೈನಲ್ಲಿ ಕುಮಮೊಟೊ ತಂಡವೂ ಅಲ್ಲಿಗೇ ಬಂತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಚಿಸ್ಸೋ ಪಾಠಪುಸ್ತಕ ಹಿಡಿದು ಎದ್ದು ನಿಂತಿತು: ನಾವು ಬಳಸುವುದು ನಿರವಯವ ಪಾದರಸ, ನೀವು ಹೇಳುತ್ತಿರುವುದು ಸಾವಯವ ಪಾದರಸ. ಇದೇ ವಿಧಾನದ ಕಾರ್ಖಾನೆಗಳು ಬೇರೆ ಕಡೆಯೂ ಇವೆ, ಅಲ್ಲಿ ರೋಗವಿಲ್ಲವಲ್ಲ? ಕ್ರಿಯಾವರ್ಧಕ ಬದಲಾಗುವುದಿಲ್ಲ ಎಂದು ಮೊದಲ ಪಾಠದಲ್ಲೇ ಇದೆ. ಬದಲಾಗದ ಪಾದರಸವನ್ನು ಬದಲಾಗಿದೆ ಎನ್ನುವುದು ರಸಾಯನಶಾಸ್ತ್ರಕ್ಕೇ ಮಾಡುವ ಅವಮಾನ.

ಕ್ರಿಯಾವರ್ಧಕದ ಅಧ್ಯಾಯದಲ್ಲಿ ಉತ್ತೇಜಕ ಎಂಬ ಇನ್ನೊಂದು ವರ್ಗವಿದೆ. ತಾನಾಗಿ ಏನೂ ಮಾಡದು. ಕ್ರಿಯಾವರ್ಧಕದ ಪಕ್ಕದಲ್ಲಿ ನಿಂತು ಅದರ ಬಲ ಹೆಚ್ಚಿಸುತ್ತದೆ. ಚಿಸ್ಸೋಗೆ ಉತ್ತೇಜಕರು ಬೇಗ ಸಿಕ್ಕರು. ರಾಸಾಯನಿಕ ಉದ್ಯಮಿಗಳ ಸಂಘದ ನಿರ್ದೇಶಕರೊಬ್ಬರು, ಯುದ್ಧ ಮುಗಿದಾಗ ಸೈನ್ಯದವರು ಕೊಲ್ಲಿಗೆ ಎಸೆದ ಸ್ಫೋಟಕಗಳೇ ಕಾರಣ ಎಂದರು. ಟೋಕಿಯೋದ ಪ್ರಾಧ್ಯಾಪಕರೊಬ್ಬರು, ಹಳಸಿದ ಮೀನಿನಲ್ಲಿ ಹುಟ್ಟುವ ಅಮೀನ್ ಎಂಬ ರಾಸಾಯನಿಕದಿಂದ ಹೀಗಾಗುತ್ತದೆ ಎಂದರು. ಬೆಳಗಿನ ಜಾವ ಬಲೆ ಎಳೆದು, ಬದುಕಿರುವ ಮೀನನ್ನೇ ಕೊಯ್ದು ತಿನ್ನುವ ಜನಕ್ಕೆ, ನಿಮಗೆ ಹಳಸಿದ್ದು ಯಾವುದೆಂದು ತಿಳಿಯದು ಎಂದು ರಾಜಧಾನಿಯಿಂದ ತಿಳಿವಳಿಕೆ! ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಇಲ್ಲಿ ಒರೆಸುವ ಬಟ್ಟೆಯನ್ನು ವಿಶ್ವವಿದ್ಯಾಲಯ ಒದಗಿಸಿತು.

1959ರ ನವೆಂಬರ್ 12ರಂದು ಆರೋಗ್ಯ ಸಚಿವಾಲಯದ ಸಮಿತಿಯೇ, ಕಾರಣ ಸಾವಯವ ಪಾದರಸ ಎಂದು ವರದಿ ಕೊಟ್ಟಿತು. ಪಾದರಸ ಎಲ್ಲಿಂದ ಬಂತು ಎಂದು ಹೇಳಲಿಲ್ಲ. ಮರುದಿನ, ಅದನ್ನು ಹುಡುಕಬಹುದಾಗಿದ್ದ ಉಪಸಮಿತಿಯನ್ನು ವಿಸರ್ಜಿಸಲಾಯಿತು. ಕೆಲಸ ಮುಗಿಸಿದ ಸಮಿತಿಗಳು ಬಹಳ ಇವೆ. ಕೆಲಸ ಮಾಡಿಬಿಡುತ್ತದೆ ಎಂಬ ಭಯಕ್ಕೆ ಮುಗಿದ ಸಮಿತಿ ಅಪರೂಪ.

ಅದೇ ಅಧ್ಯಾಯದಲ್ಲಿ ನನಗೆ ಈಗಲೂ ಬೆರಗು ಹುಟ್ಟಿಸುವ ಒಂದು ಪದವಿದೆ: 'ಕ್ರಿಯಾವರ್ಧಕ ವಿಷ'. ರಸಾಯನಶಾಸ್ತ್ರದಲ್ಲಿ ಇದರ ಅರ್ಥ ವಿಷಕಾರಿ ಕ್ರಿಯಾವರ್ಧಕ ಎಂದಲ್ಲ. ಕ್ರಿಯಾವರ್ಧಕಕ್ಕೆ ಅಂಟಿಕೊಂಡು ಅದರ ಕೆಲಸ ಕೆಡಿಸುವ ವಸ್ತುವಿಗೆ ಆ ಹೆಸರು. ಉತ್ಪಾದನೆ ತಡೆಯುವುದು ವಿಷ; ಮನುಷ್ಯನನ್ನು ಕೊಲ್ಲುವುದಕ್ಕೆ ಆ ಅಧ್ಯಾಯದಲ್ಲಿ ಹೆಸರೇ ಇಲ್ಲ. ಹೀಗೆ ನೋಡಿದರೆ ಮಿನಮಾಟದಲ್ಲಿ ಮೊದಲು ಪತ್ತೆಯಾದ ವಿಷ ಡಾ. ಹೊಸೊಕಾವಾ.

ಅವರು ಕಂಪನಿಯ ಸಂಬಳ ತಿಂದವರು. ಆದರೆ ಮೊದಲ ರೋಗಿಯನ್ನು ಕಣ್ಣಾರೆ ಕಂಡವರು. 1959ರ ಜುಲೈನಲ್ಲಿ ಅಸಿಟಾಲ್ಡಿಹೈಡ್ ಘಟಕದ ಕೊಳಚೆಯನ್ನು ನೇರವಾಗಿ ತಂದು, ಒಂದು ಬೆಕ್ಕಿನ ಊಟಕ್ಕೆ ಬೆರೆಸತೊಡಗಿದರು. ಪ್ರಯೋಗದ ದಫ್ತರಿನಲ್ಲಿ ಅದರ ಸಂಖ್ಯೆ 400. ಅಕ್ಟೋಬರಿನಲ್ಲಿ ನಾನೂರನೇ ಬೆಕ್ಕು ಕುಣಿಯಿತು. ಮೀನಿಲ್ಲ, ಸ್ಫೋಟಕವಿಲ್ಲ, ಹಳಸಿದ್ದಿಲ್ಲ. ಕಾರ್ಖಾನೆಯ ನೀರು ನೇರವಾಗಿ ಬೆಕ್ಕಿನ ಹೊಟ್ಟೆಗೆ. ವೈದ್ಯರು ಕಂಪನಿಗೆ ತಿಳಿಸಿದರು. ಕಂಪನಿ ಆ ಪ್ರಯೋಗವನ್ನು ನಿಲ್ಲಿಸಲು ಹೇಳಿ, ಫಲಿತಾಂಶವನ್ನು ಬೀರುವಿನಲ್ಲಿಟ್ಟಿತು. ವೈದ್ಯರು ಬಾಯಿ ಬಿಡಲು ಹನ್ನೊಂದು ವರ್ಷ ಬೇಕಾಯಿತು. 1970ರ ಜುಲೈನಲ್ಲಿ, ಕ್ಯಾನ್ಸರಿನಿಂದ ಸಾಯುತ್ತ ಮಲಗಿದ್ದ ಹಾಸಿಗೆಯ ಬಳಿಗೇ ನ್ಯಾಯಾಲಯ ಬಂದಾಗ, ಅವರು ಆ ಬೆಕ್ಕಿನ ಸಾಕ್ಷಿ ನುಡಿದರು. ಅದೇ ವರ್ಷ ತೀರಿಕೊಂಡರು. ಇಡೀ ಪ್ರಕರಣದಲ್ಲಿ ಬದಲಾಗಿ ಹೊರಬಂದ ಅಧಿಕಾರಿ ಯಾರಾದರೂ ಇದ್ದರೆ ಇವರೊಬ್ಬರೇ. ಅದಕ್ಕೂ ಸಾವು ಹತ್ತಿರ ಬರಬೇಕಾಯಿತು ಎಂಬುದನ್ನೂ ಸೇರಿಸಿಯೇ ಹೇಳಬೇಕು.

ಎರಡನೆಯ ವಿಷ ಮೀನುಗಾರರು. ಕಂಪನಿ 1958ರಲ್ಲಿ ಕೊಳಚೆ ಬಿಡುವ ಜಾಗವನ್ನು ಬದಲಿಸಿತ್ತು. ಕೊಲ್ಲಿಯಲ್ಲಿ ಗಲಾಟೆ ಎಂದು, ನದಿಯ ಬಾಯಿಗೆ. ನದಿಯಿಂದ ವಿಷ ಇಡೀ ಒಳಗಡಲಿಗೆ ಹರಡಿ, ಹೊಸ ಹಳ್ಳಿಗಳಲ್ಲಿ ಹೊಸ ರೋಗಿಗಳು ಕಾಣಿಸಿಕೊಂಡರು. ಇಷ್ಟು ದೊಡ್ಡ ಪ್ರಯೋಗ ಮಾಡಿ ಕಾರಣವನ್ನು ಸಾಬೀತುಪಡಿಸಿಕೊಟ್ಟ ಕಂಪನಿಗೆ ಯಾರೂ ವಿಜ್ಞಾನದ ಪ್ರಶಸ್ತಿ ಕೊಡಲಿಲ್ಲ. ಬದಲಿಗೆ 1959ರ ನವೆಂಬರಿನಲ್ಲಿ ಮೀನುಗಾರರು ಕಾರ್ಖಾನೆಗೆ ನುಗ್ಗಿ ಸಿಕ್ಕಿದ್ದನ್ನು ಒಡೆದರು.

ಈಗ ಏನಾದರೂ ಮಾಡಲೇಬೇಕಾಯಿತು. ಡಿಸೆಂಬರಿನಲ್ಲಿ ಕಾರ್ಖಾನೆಯಲ್ಲಿ 'ಸೈಕ್ಲೇಟರ್' ಎಂಬ ನೀರು ಶುದ್ಧಿ ಯಂತ್ರದ ಉದ್ಘಾಟನೆ. ಗಣ್ಯರು ಬಂದರು. ಕಂಪನಿಯ ಅಧ್ಯಕ್ಷ ಯೋಶಿಯೋಕಾ ಕೀಚಿ ಎಲ್ಲರೆದುರು ಆ ಯಂತ್ರದ್ದೆನ್ನಲಾದ ನೀರನ್ನು ಲೋಟದಲ್ಲಿ ಹಿಡಿದು ಕುಡಿದು ತೋರಿಸಿದರು. ವಿಷಕಂಠನ ನಂತರ ಇಷ್ಟು ಧೈರ್ಯವಾಗಿ ಕುಡಿದವರಿಲ್ಲ ಎನ್ನೋಣವೆಂದರೆ ಒಂದು ಸಣ್ಣ ತೊಡಕು: ಆಗ ಅಸಿಟಾಲ್ಡಿಹೈಡ್ ಘಟಕದ ಕೊಳಚೆಯನ್ನು ಆ ಯಂತ್ರಕ್ಕೆ ಹಾಯಿಸುತ್ತಲೇ ಇರಲಿಲ್ಲ. ಹಾಯಿಸಿದ್ದರೂ ಸಾವಯವ ಪಾದರಸವನ್ನು ತೆಗೆಯಲೆಂದು ಅದನ್ನು ಕಟ್ಟಿರಲಿಲ್ಲ. ಆ ಯಂತ್ರ ಶುದ್ಧಿ ಮಾಡಿದ್ದು ನೋಡುವವರ ಕಣ್ಣನ್ನು.

ಡಿಸೆಂಬರ್ 30ರಂದು ರೋಗಿಗಳೊಂದಿಗೆ ಒಪ್ಪಂದವಾಯಿತು. ಪರಿಹಾರ ಎಂದರೆ ತಪ್ಪೊಪ್ಪಿದಂತಾಗುತ್ತದಲ್ಲ, ಹಾಗಾಗಿ ಅದಕ್ಕೆ ಇಟ್ಟ ಹೆಸರು 'ಸಹಾನುಭೂತಿಯ ಹಣ'. ದೊಡ್ಡವರಿಗೆ ವರ್ಷಕ್ಕೆ ಒಂದು ಲಕ್ಷ ಯೆನ್, ಮಕ್ಕಳಿಗೆ 30,000, ಸತ್ತವರ ಮನೆಯವರಿಗೆ ಒಂದೇ ಸಲ ಮೂರು ಲಕ್ಷ. ಅಂತ್ಯಕ್ರಿಯೆಗೆ ಬೇರೆ 20,000. ಜತೆಗೊಂದು ಷರತ್ತು: ಮುಂದೊಂದು ದಿನ ಕಾರ್ಖಾನೆಯ ಕೊಳಚೆಯೇ ಕಾರಣವೆಂದು ಸಾಬೀತಾದರೂ ಹೆಚ್ಚಿಗೆ ಕೇಳುವಂತಿಲ್ಲ. ನಾನೂರನೇ ಬೆಕ್ಕು ಕುಣಿದು ಆಗ ಮೂರು ತಿಂಗಳೂ ಆಗಿರಲಿಲ್ಲ. ಏನೂ ಗೊತ್ತಿಲ್ಲದವರು ಬರೆಯುವ ಷರತ್ತಲ್ಲ ಅದು.

ಮಾಡಿದ್ದುಣ್ಣೋ ಮಹಾರಾಯ ಎಂಬ ಮಾತಿಗೆ ಮೀಥೈಲ್ ಮರ್ಕ್ಯುರಿಯಷ್ಟು ವಿರೋಧಿ ಇನ್ನೊಂದಿಲ್ಲ. ಮಾಡಿದವರು ಒಬ್ಬರು, ಉಂಡವರು ಇನ್ನೊಬ್ಬರು. ಕಡಲಿನ ಸೂಕ್ಷ್ಮಜೀವಿಯಿಂದ ಚಿಪ್ಪಿಗೆ, ಸಣ್ಣ ಮೀನಿಗೆ, ದೊಡ್ಡ ಮೀನಿಗೆ, ಒಂದೊಂದು ಮೆಟ್ಟಿಲಿಗೂ ಗಟ್ಟಿಯಾಗುತ್ತ ತಟ್ಟೆಗೆ ಬಂತು. ಮೈಯೊಳಗೆ ಹೋದದ್ದು, ದೇಹಕ್ಕೆ ಬೇಕಾದ ಅಮೈನೋ ಆಮ್ಲವೊಂದರ ವೇಷ ಹಾಕಿಕೊಂಡು ಮೆದುಳಿನ ಕಾವಲನ್ನು ದಾಟಿತು. ಅದೇ ವೇಷದಲ್ಲಿ ಗರ್ಭದ ಬಾಗಿಲನ್ನೂ ದಾಟಿತು. ತಾಯಿಯ ಕೈ ಕೊಂಚ ಜುಮ್ಮೆನ್ನುತ್ತಿತ್ತು, ಅಷ್ಟೆ. ಅವಳ ಪಾಲಿನ ವಿಷವನ್ನು ಹೊಟ್ಟೆಯಲ್ಲಿದ್ದ ಮಗು ಹೀರಿಕೊಂಡಿತ್ತು. ಗರ್ಭದ ಮಾಸು ವಿಷವನ್ನು ಒಳಗೆ ಬಿಡುವುದಿಲ್ಲ ಎಂದು ಆಗಿನ ವೈದ್ಯಶಾಸ್ತ್ರವೂ ನಂಬಿತ್ತು. ಹಾಗಾಗಿ ಹುಟ್ಟುತ್ತಲೇ ಕೈಕಾಲು ಸೆಟೆದ ಮಕ್ಕಳಿಗೆ ಬೇರೆಯೇ ರೋಗದ ಹೆಸರು ಹಚ್ಚಿದ್ದರು. 1962ರ ನವೆಂಬರಿನಲ್ಲಿ 16 ಮಕ್ಕಳನ್ನು ಒಟ್ಟಿಗೆ ಮಿನಮಾಟ ರೋಗಿಗಳೆಂದು ಒಪ್ಪಿಕೊಂಡರು. ಚುರುಕಾದ ಮಗುವನ್ನು ಕಂಡರೆ ನಾವು 'ಪಾದರಸದಂಥ ಹುಡುಗ' ಅನ್ನುತ್ತೇವೆ. ಆ ಮಾತನ್ನು ನಾನು ಈಗ ಆಡುವುದಿಲ್ಲ.

ಜಪಾನಿನ ಮನೆಗಳಲ್ಲಿ ಮಗುವಿನ ಒಣಗಿದ ಕರುಳಬಳ್ಳಿಯನ್ನು ಪುಟ್ಟ ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಡುವ ಪದ್ಧತಿಯಿದೆ. ಡಾ. ಹರಾದಾ ಮಸಜುಮಿ ಎಂಬ ವೈದ್ಯರು ಆ ಪೆಟ್ಟಿಗೆಗಳನ್ನು ತೆರೆಸಿ ಬಳ್ಳಿಗಳನ್ನು ಪರೀಕ್ಷೆ ಮಾಡಿಸಿದರು. ಕಾರ್ಖಾನೆಯಲ್ಲಿ ಅಸಿಟಾಲ್ಡಿಹೈಡ್ ಹೆಚ್ಚಾದ ವರ್ಷಗಳಲ್ಲಿ ಹುಟ್ಟಿದ ಮಕ್ಕಳ ಬಳ್ಳಿಯಲ್ಲಿ ಪಾದರಸವೂ ಹೆಚ್ಚಿತ್ತು. ಕಂಪನಿಯ ಗುಮಾಸ್ತರು ಇಡದ ಲೆಕ್ಕವನ್ನು ಬಾಣಂತಿಯರು ವರ್ಷವಾರು ಬರೆದಿಟ್ಟಂತಾಗಿತ್ತು.

1965ರಲ್ಲಿ ಜಪಾನಿನ ಇನ್ನೊಂದು ತುದಿಯಲ್ಲಿ, ನೀಗತಾದ ಅಗಾನೊ ನದಿಯ ದಂಡೆಯಲ್ಲಿ ಅದೇ ರೋಗ ಬಂತು. ಬೇರೆ ಕಡೆ ರೋಗವಿಲ್ಲವಲ್ಲ ಎಂದಿದ್ದ ವಾದಕ್ಕೆ ಉತ್ತರ ಸಿಕ್ಕಂತಾಯಿತು. ಅಲ್ಲಿಯೂ ಅಸಿಟಾಲ್ಡಿಹೈಡ್, ಅಲ್ಲಿಯೂ ಪಾದರಸ. ಕಂಪನಿ ಮಾತ್ರ ಬೇರೆ, ಶೋವಾ ಡೆಂಕೋ. ಅದರ ಸಮಜಾಯಿಷಿಯೂ ಬೇರೆ: 1964ರ ಭೂಕಂಪದಲ್ಲಿ ಗೋದಾಮಿನ ಕೀಟನಾಶಕ ನದಿಗೆ ಸೇರಿರಬೇಕು. ಒಂದು ಕಡೆ ಯುದ್ಧ, ಇನ್ನೊಂದು ಕಡೆ ಭೂಕಂಪ. ಸಿಡಿಲು ಮಾತ್ರ ಬಾಕಿಯಿತ್ತು.

ಚಿಸ್ಸೋದಲ್ಲಿ ಪಾದರಸದ ವಿಧಾನ ನಿಂತದ್ದು 1968ರ ಮೇ ತಿಂಗಳಲ್ಲಿ. ರೋಗಕ್ಕೆ ಅಂಜಿ ನಿಲ್ಲಿಸಲಿಲ್ಲ. ಪೆಟ್ರೋಲಿಯಂನಿಂದ ಬರುವ ಎಥಿಲೀನಿನ ಹೊಸ ವಿಧಾನದ ಮುಂದೆ ಇದು ಹಳತಾಗಿತ್ತು. ನಾಲ್ಕು ತಿಂಗಳ ಬಳಿಕ, ಸೆಪ್ಟೆಂಬರ್ 26ರಂದು, ರೋಗಕ್ಕೆ ಕಾರಣ ಚಿಸ್ಸೋದ ಮೀಥೈಲ್ ಮರ್ಕ್ಯುರಿ ಎಂದು ಸರ್ಕಾರ ಅಧಿಕೃತವಾಗಿ ಘೋಷಿಸಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದು ದಡ್ಡತನ. ಸರ್ಕಾರ ದಡ್ಡನಲ್ಲ. ಕೊಳ್ಳೆ ಹೊಡೆದವರು ತಮಗೆ ಇನ್ನು ಈ ಬಾಗಿಲು ಬೇಡ ಎಂದು ಹೇಳುವವರೆಗೂ ಕಾದು, ಆಮೇಲೆ ಅಗುಳಿ ಹಾಕಿತು.

1973ರ ಮಾರ್ಚ್ 20ರಂದು ಕುಮಮೊಟೊ ನ್ಯಾಯಾಲಯ ಕಂಪನಿಯ ನಿರ್ಲಕ್ಷ್ಯವನ್ನು ಎತ್ತಿಹಿಡಿದು, ಸಹಾನುಭೂತಿಯ ಒಪ್ಪಂದವನ್ನು ಅನೀತಿಯೆಂದು ಅನೂರ್ಜಿತಗೊಳಿಸಿತು. 1979ರಲ್ಲಿ ಲೋಟದ ನೀರು ಕುಡಿದಿದ್ದ ಅಧ್ಯಕ್ಷರಿಗೂ ಕಾರ್ಖಾನೆಯ ಮುಖ್ಯಸ್ಥರಿಗೂ ತಲಾ ಎರಡು ವರ್ಷದ ಶಿಕ್ಷೆಯಾಯಿತು. ಆದರೆ ಮೂರು ವರ್ಷದ ಮಟ್ಟಿಗೆ ಅದು ಅಮಾನತು. ಅವರು ಜೈಲಿಗೆ ಹೋಗಲಿಲ್ಲ. ಕ್ರಿಯೆಯಲ್ಲಿ ಭಾಗವಹಿಸಿ, ವೇಗ ಹೆಚ್ಚಿಸಿ, ತೂಕದಲ್ಲಾಗಲಿ ಗುಣದಲ್ಲಾಗಲಿ ಬದಲಾಗದೆ ಹೊರಬಂದರು. ಪಾದರಸದಿಂದ ಆಗದ್ದನ್ನು ಇವರು ಮಾಡಿ ತೋರಿಸಿದರು. ಪುಸ್ತಕದ ವ್ಯಾಖ್ಯೆಗೆ ಇಡೀ ಮಿನಮಾಟದಲ್ಲಿ ಸರಿಹೊಂದಿದ್ದು ಇವರೇ.

ಲೆಕ್ಕಕ್ಕೆ ಕಷ್ಟವಾದದ್ದು ರೋಗಿಗಳದು. 1977ರಲ್ಲಿ ಸರ್ಕಾರ ಹೊಸ ಮಾನದಂಡ ತಂದಿತು: ಒಂದು ಲಕ್ಷಣ ಸಾಲದು, ಹಲವು ಒಟ್ಟಿಗೆ ಇರಬೇಕು. ಕೈ ಮರಗಟ್ಟಿದೆಯೇ? ಸಂತೋಷ, ಕಣ್ಣಿನ ನೋಟವೂ ಕುಗ್ಗಿದೆಯೇ? ಸಾವಿರಾರು ಅರ್ಜಿಗಳು ಹಿಂದಿರುಗಿದವು. 2001ರವರೆಗೆ ಅಧಿಕೃತ ರೋಗಿಗಳೆಂದು ಮುದ್ರೆ ಒತ್ತಿಸಿಕೊಂಡವರು 2,265 ಮಂದಿ, ಅವರಲ್ಲಿ 1,784 ಮಂದಿ ಆಗಲೇ ಸತ್ತಿದ್ದರು. 2004ರಲ್ಲಿ ಸರ್ವೋಚ್ಚ ನ್ಯಾಯಾಲಯ ಸರ್ಕಾರವೂ ಹೊಣೆ ಎಂದಿತು. 2023ರಲ್ಲಿ ಒಸಾಕಾ ನ್ಯಾಯಾಲಯ 128 ಮಂದಿಯನ್ನು ರೋಗಿಗಳೆಂದು ಒಪ್ಪಿತು. ಸರ್ಕಾರ ಮೇಲ್ಮನವಿಗೆ ಹೋಯಿತು. ಈ ನಡುವೆ 2011ರಲ್ಲಿ ಚಿಸ್ಸೋ ತನ್ನ ವ್ಯಾಪಾರವನ್ನೆಲ್ಲ ಜೆಎನ್‌ಸಿ ಎಂಬ ಹೊಸ ಕಂಪನಿಗೆ ವರ್ಗಾಯಿಸಿತು. ಹಳೆಯ ಹೆಸರಿನಲ್ಲಿ ಉಳಿದದ್ದು ಷೇರು ಮತ್ತು ಪರಿಹಾರದ ಹೊರೆ. ದ್ರವದಿಂದ ಗಸಿಯನ್ನು ಬೇರ್ಪಡಿಸುವುದು ರಾಸಾಯನಿಕ ಕಂಪನಿಗೆ ಹೇಳಿಕೊಡಬೇಕೇ!

ಜಗತ್ತೂ ಸುಮ್ಮನಿರಲಿಲ್ಲ. 2013ರ ಅಕ್ಟೋಬರಿನಲ್ಲಿ ಕುಮಮೊಟೊದಲ್ಲೇ ಪಾದರಸದ ಬಗ್ಗೆ ಅಂತರರಾಷ್ಟ್ರೀಯ ಒಪ್ಪಂದವಾಯಿತು, ಅದಕ್ಕೆ ಮಿನಮಾಟ ಎಂದೇ ಹೆಸರು. ಭಾರತವೂ 2018ರಲ್ಲಿ ಅದನ್ನು ಅನುಮೋದಿಸಿತು. ಪಾದರಸ ಬಳಸಿ ಅಸಿಟಾಲ್ಡಿಹೈಡ್ ತಯಾರಿಸುವುದನ್ನು ನಿಲ್ಲಿಸಲು ಒಪ್ಪಂದ ಕೊಟ್ಟ ಗಡುವು 2018. ಚಿಸ್ಸೋ ಅದನ್ನು ನಿಲ್ಲಿಸಿ ಆಗ ಸರಿಯಾಗಿ ಐವತ್ತು ವರ್ಷ. ಚೀನಾದಲ್ಲಿ ಕಲ್ಲಿದ್ದಲಿನಿಂದ ಪಿವಿಸಿಯ ಕಚ್ಚಾವಸ್ತು ಮಾಡುವ ಕಾರ್ಖಾನೆಗಳಲ್ಲಿ ಅಸಿಟಿಲೀನಿನ ಬಾಣದ ಮೇಲೆ ಇನ್ನೊಂದು ಪಾದರಸದ ಲವಣ ಕೂತೇ ಇದೆ. ಅದನ್ನು ಒಪ್ಪಂದ ಕಡಿಮೆ ಮಾಡಿ ಎಂದಿತು.

ಕೊನೆಯ ಸಂಗತಿ ಮೊನ್ನೆ ಮೊನ್ನೆಯದು. ಪ್ರತಿ ವರ್ಷ ಮೇ 1ರಂದು, ಡಾ. ಹೊಸೊಕಾವಾ ವರದಿ ಕೊಟ್ಟ ದಿನ, ಮಿನಮಾಟದಲ್ಲಿ ಸತ್ತವರ ಸ್ಮರಣೆ ನಡೆಯುತ್ತದೆ. 2024ರಲ್ಲಿ ಅದು ಮುಗಿದ ಮೇಲೆ ಪರಿಸರ ಸಚಿವರ ಜತೆ ರೋಗಿಗಳ ಸಂಘಗಳ ಮಾತುಕತೆ. ಇಂಥ ರೋಗಗಳ ಗಲಾಟೆಯಿಂದಲೇ 1971ರಲ್ಲಿ ಹುಟ್ಟಿಕೊಂಡ ಇಲಾಖೆ ಅದು. ಒಬ್ಬೊಬ್ಬರಿಗೆ ಮೂರು ನಿಮಿಷ. ಮುದುಕರೊಬ್ಬರು ತೀರಿಕೊಂಡ ತಮ್ಮ ಹೆಂಡತಿಯ ಬಗ್ಗೆ ಹೇಳುತ್ತಿದ್ದರು. ಈ ರೋಗದಲ್ಲಿ ಮೊದಲು ಕೆಡುವುದರಲ್ಲಿ ನಾಲಿಗೆಯೂ ಒಂದು. ಇದನ್ನು ತಿಳಿದುಕೊಳ್ಳಲು ಇಲಾಖೆಗೆ 68 ವರ್ಷ ಸಿಕ್ಕಿತ್ತು. ಮೂರು ನಿಮಿಷ ದಾಟಿತು. ಸಿಬ್ಬಂದಿ ಮೈಕನ್ನು ಬಂದ್ ಮಾಡಿದರು.

ವಾರದ ಬಳಿಕ ಸಚಿವರು ಮತ್ತೆ ಬಂದು ಕ್ಷಮೆ ಕೇಳಿದರು ಎನ್ನುವುದನ್ನೂ ಹೇಳಿಬಿಡಬೇಕು. ಆದರೆ ನನ್ನ ತಲೆಯಲ್ಲಿ ಕೂತಿರುವುದು ಆ ಸ್ವಿಚ್ಚು. ಅಂದಿನ ಸಭೆಯ ಸಮೀಕರಣವನ್ನು ನಮ್ಮ ಮೇಷ್ಟ್ರ ಹಲಗೆಯ ಮೇಲೆ ಬರೆದರೆ, ಎಡಗಡೆ ಒಬ್ಬ ಮುದುಕ ಮತ್ತು ಅವನ ಮಾತು, ಬಲಗಡೆ ಸಚಿವರ ಮುಂದಿನ ಕಾರ್ಯಕ್ರಮ, ನಡುವೆ ಬಾಣ. ಬಾಣದ ಮೇಲೆ, ಇರುವೆಯಷ್ಟು ಚಿಕ್ಕ ಅಕ್ಷರದಲ್ಲಿ, ಸ್ವಿಚ್ಚು. ಮಾತು ಬೇಗ ಮುಗಿಯಿತು. ಸ್ವಿಚ್ಚಿಗೆ ಏನೂ ಆಗಲಿಲ್ಲ.